ಚಳಿಗಾಲದ ಶಾಲು, ಸ್ಟೋಲ್, ಮಫ್ಲರ್: ಚಿಕ್ಕಬಳ್ಳಾಪುರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ತಿಕ ಕಳೆದು ಮಾಗಿ ಹತ್ತಿರವಾಗುತ್ತಿದ್ದಂತೆ ಬೆಚ್ಚನೆಯ ಹೊದಿಕೆಗಳ ಬಗ್ಗೆ ವಿಚಾರಿಸುವವರು ಹೆಚ್ಚುತ್ತಾರೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮತ್ತು ಕೋಲಾರದ ಕಡೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನಮ್ಮ ಕಡೆಯ ಚಳಿಗೆ ಉಣ್ಣೆಯ ಶಾಲು ನಿಜವಾಗಿಯೂ ಬೇಕೇ?

ಬೇಕು, ಆದರೆ ದಪ್ಪನೆಯದು ಬೇಕಾಗಿಲ್ಲ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ನೆತ್ತಿ 1,478 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವದಲ್ಲಿ ಇಲ್ಲಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ ಬಿಸಿಲಿಗೆ ಬೆವರುವಷ್ಟು ಸೆಕೆಯೂ ಇರುತ್ತದೆ. ನಮ್ಮ ಚಳಿಯ ಸ್ವಭಾವವೇ ಇದು: ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಕೊರೆಯುತ್ತದೆ, ಹತ್ತರ ಹೊತ್ತಿಗೆ ಮಾಯವಾಗುತ್ತದೆ, ಸಂಜೆ ಸೂರ್ಯ ಮುಳುಗಿದ ಮೇಲೆ ಮತ್ತೆ ಬರುತ್ತದೆ. ಇದಕ್ಕೆ ಮಂಜು ಮತ್ತು ಬಯಲಿನ ಗಾಳಿ ಸೇರಿಕೊಳ್ಳುತ್ತವೆ. ನಸುಕಿನಲ್ಲಿ ಸೇವಂತಿಗೆ ಮತ್ತು ಗುಲಾಬಿ ಬಿಡಿಸಿ ಹೂವಿನ ಮಾರುಕಟ್ಟೆಗೆ ಒಯ್ಯುವವರಿಗೆ, ಡೇರಿಗೆ ಹಾಲು ಹಾಕಲು ಹೋಗುವವರಿಗೆ, ಧನುರ್ಮಾಸದ ಪೂಜೆಗೆ ಸೂರ್ಯೋದಯಕ್ಕೆ ಮುನ್ನವೇ ದೇವಸ್ಥಾನಕ್ಕೆ ಹೊರಡುವವರಿಗೆ, ಬೆಂಗಳೂರಿನ ಮೊದಲ ಬಸ್ಸು ಹಿಡಿಯುವವರಿಗೆ ಈ ಚಳಿ ಚೆನ್ನಾಗಿ ಗೊತ್ತು. ಆದ್ದರಿಂದ ಕತ್ತು, ಕಿವಿ ಮತ್ತು ಎದೆಯನ್ನು ಚೆನ್ನಾಗಿ ಮುಚ್ಚುವಂಥ, ಹತ್ತು ಗಂಟೆಗೆ ತೆಗೆದು ಮಡಚಿದರೆ ಕೈಚೀಲದಲ್ಲಿ ಹಿಡಿಯುವಂಥ ಹೊದಿಕೆಯೇ ನಮಗೆ ಸರಿಯಾದದ್ದು. ಹಿಮ ಬೀಳುವ ಊರುಗಳಿಗೆಂದು ನೇಯ್ದ ಭಾರವಾದ ಶಾಲನ್ನು ಇಲ್ಲಿ ಕೊಂಡವರು ಅದನ್ನು ಬೀರುವಿನಲ್ಲಿ ಇಡುವುದೇ ಹೆಚ್ಚು.

ದಪ್ಪ ಇದ್ದಷ್ಟೂ ಬೆಚ್ಚಗಿರುತ್ತದೆಯಲ್ಲವೇ?

ಹಾಗೇನಿಲ್ಲ. ಬಟ್ಟೆ ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿಯು ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ನಮಗೆ ಬೆಚ್ಚಗೆನಿಸುವುದು ಅದರಿಂದ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿಸುರುಳಿಯಾಗಿರುವುದರಿಂದ ತೆಳುವಾದ ಬಟ್ಟೆಯಲ್ಲೂ ಬಹಳಷ್ಟು ಗಾಳಿಯನ್ನು ಹಿಡಿದಿಡುತ್ತದೆ. ಇದೇ ಕಾರಣಕ್ಕೆ ಒಂದು ದಪ್ಪನೆಯ ಶಾಲಿಗಿಂತ ತೆಳುವಾದ ಎರಡು ಪದರಗಳು ಹೆಚ್ಚು ಬೆಚ್ಚಗಿರುತ್ತವೆ, ಏಕೆಂದರೆ ಆ ಎರಡು ಪದರಗಳ ನಡುವೆ ಇನ್ನೊಂದು ಗಾಳಿಯ ಪದರ ನಿಲ್ಲುತ್ತದೆ. ದೊಡ್ಡ ಸ್ಟೋಲನ್ನು ಉದ್ದಕ್ಕೆ ಮಡಚಿ ಕತ್ತಿಗೆ ಎರಡು ಸುತ್ತು ಹಾಕಿಕೊಂಡು ನೋಡಿದರೆ ಇದು ಕೂಡಲೇ ಅನುಭವಕ್ಕೆ ಬರುತ್ತದೆ.

ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸವನ್ನು ಕೂಡ ಗಮನಿಸಬೇಕು. ಸೂಜಿಯಲ್ಲಿ ಹೆಣೆದ ಮಫ್ಲರ್ ಮೃದುವಾಗಿ ಹಿಗ್ಗುತ್ತದೆ ಮತ್ತು ಗಾಳಿಯಿಲ್ಲದ ಕಡೆ ಬಹಳ ಬೆಚ್ಚಗಿರುತ್ತದೆ, ಆದರೆ ಬಯಲಿನಲ್ಲಿ ಗಾಳಿ ಅದರ ಕಣ್ಣುಗಳ ಮೂಲಕ ನೇರವಾಗಿ ಒಳಗೆ ನುಗ್ಗುತ್ತದೆ. ಮಗ್ಗದಲ್ಲಿ ಒತ್ತಾಗಿ ನೇಯ್ದ ಬಟ್ಟೆ ಗಾಳಿಯನ್ನು ಹೆಚ್ಚು ತಡೆಯುತ್ತದೆ. ಕೊಳ್ಳುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಒಳ್ಳೆಯದು.

ಉಣ್ಣೆ, ಅಕ್ರಿಲಿಕ್, ಹತ್ತಿ, ರೇಷ್ಮೆ: ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಒಂದನ್ನೇ ಕೊಳ್ಳುವುದಾದರೆ ಉಣ್ಣೆಯದನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಮಂಜಿನಲ್ಲಿ ನಡೆದಾಗ, ಉಸಿರಿನ ತೇವ ತಾಗಿದಾಗ, ಸ್ವಲ್ಪ ಬೆವರಿದಾಗಲೂ ಅದು ಬೆಚ್ಚಗೇ ಇರುತ್ತದೆ. ಇಬ್ಬನಿ ದಟ್ಟವಾಗಿ ಬೀಳುವ ನಮ್ಮ ಅವರೆಕಾಯಿಯ ಕಾಲಕ್ಕೆ ಇದಕ್ಕಿಂತ ಉಪಯುಕ್ತವಾದ ಗುಣ ಬೇರೊಂದಿಲ್ಲ.

ಅಕ್ರಿಲಿಕ್ ಉಣ್ಣೆಯಂತೆಯೇ ಕಾಣುವ ಕೃತಕ ನೂಲು. ಚಳಿಗಾಲದಲ್ಲಿ ಪೇಟೆಬೀದಿಯಲ್ಲಿ ಮಾರುವ ಅಗ್ಗದ ಮಫ್ಲರ್ ಮತ್ತು ಸ್ವೆಟರುಗಳಲ್ಲಿ ಹೆಚ್ಚಿನವು ಇದರಿಂದ ಆದವು. ಅದು ಹಗುರ, ಬಣ್ಣ ಹಲವು, ಒಗೆಯುವುದೂ ಸುಲಭ. ಶಾಲೆಗೆ ಹೋಗುವ ಮಕ್ಕಳಿಗೆ, ಅಂದರೆ ಕಳೆದುಕೊಂಡು ಬರುವ ಸಂಭವ ಹೆಚ್ಚಿರುವವರಿಗೆ, ಅದು ಸಾಕು. ಆದರೆ ಅದು ತೇವವನ್ನು ಹೀರುವುದಿಲ್ಲವಾದ್ದರಿಂದ ಬೆವರಿದಾಗ ಕತ್ತು ಅಂಟಂಟಾಗುತ್ತದೆ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಮೈಮೇಲೆಲ್ಲ ಸಣ್ಣ ಸಣ್ಣ ಉಂಡೆಗಳೇಳುತ್ತವೆ. ಪಾಲಿಯೆಸ್ಟರಿನ ಫ್ಲೀಸ್ ಬಟ್ಟೆ ಬೆಚ್ಚಗಿದ್ದು ಬೇಗ ಒಣಗುತ್ತದೆ, ಆದರೆ ಗಾಳಿಯನ್ನು ತಡೆಯುವುದಿಲ್ಲ.

ಹತ್ತಿಯ ಸ್ಟೋಲ್ ಅಕ್ಟೋಬರ್ ಮತ್ತು ಫೆಬ್ರವರಿಯ ಸಣ್ಣ ಚಳಿಗೆ ಹಿತವಾಗಿರುತ್ತದೆ, ಒದ್ದೆಯಾದರೆ ಮಾತ್ರ ಮೈಯನ್ನು ತಣ್ಣಗೆ ಮಾಡುತ್ತದೆ. ಉಣ್ಣೆ ಮತ್ತು ಹತ್ತಿ ಬೆರೆಸಿ ನೇಯ್ದದ್ದು ಸಿಕ್ಕರೆ ನಮ್ಮ ಸಂಜೆಗಳಿಗೆ ಒಳ್ಳೆಯ ಆಯ್ಕೆ.

ರೇಷ್ಮೆಯ ಬಗ್ಗೆ ಶಿಡ್ಲಘಟ್ಟದ ನೆರೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲವಾದರೂ, ಗೂಡು ಬೆಳೆದು ನೂಲು ತೆಗೆಯುವ ನಾವೇ ರೇಷ್ಮೆಯನ್ನು ಸೀರೆಗೆ ಮಾತ್ರ ಮೀಸಲಿಟ್ಟಿದ್ದೇವೆ ಎಂಬುದನ್ನು ಹೇಳಲೇಬೇಕು. ರೇಷ್ಮೆ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ತೆಳುವಾದ ರೇಷ್ಮೆಯ ಸ್ಕಾರ್ಫನ್ನು ಕತ್ತಿಗೆ ಹತ್ತಿಕೊಂಡಂತೆ ಕಟ್ಟಿ, ಅದರ ಮೇಲೆ ಉಣ್ಣೆಯ ಶಾಲು ಹೊದ್ದರೆ ಬೆಚ್ಚಗೂ ಇರುತ್ತದೆ, ಉಣ್ಣೆ ಚರ್ಮಕ್ಕೆ ತಾಗುವುದೂ ಇಲ್ಲ. ಇನ್ನೂ ಬೆಚ್ಚಗಿನದು ಬೇಕೆಂದರೆ ಅಸ್ಸಾಂ ಮತ್ತು ಮೇಘಾಲಯದ ಎರಿ ರೇಷ್ಮೆಯ ಶಾಲನ್ನು ನೋಡಬಹುದು. ಹರಳಿನ ಎಲೆ ತಿನ್ನುವ ಈ ಹುಳುವಿನ ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಆದ್ದರಿಂದ ಎಳೆಯನ್ನು ಬಿಚ್ಚಿ ಸುತ್ತದೆ, ಹತ್ತಿಯನ್ನು ನೂಲುವ ರೀತಿಯಲ್ಲಿ ಅದನ್ನು ನೂಲುತ್ತಾರೆ. ಹೊಳಪು ಕಡಿಮೆ, ಹಿತ ಹೆಚ್ಚು, ಒಗೆದಷ್ಟೂ ಮೆದುವಾಗುತ್ತದೆ. ಚಿಟ್ಟೆ ಹೊರಬಂದ ಮೇಲೆ ಗೂಡನ್ನು ಬಳಸಲು ಸಾಧ್ಯವಿರುವುದರಿಂದ ಹುಳುವನ್ನು ಕೊಲ್ಲದ ರೇಷ್ಮೆ ಬೇಕೆನ್ನುವವರಿಗೂ ಇದು ಒಪ್ಪುತ್ತದೆ.

ಮನೆಬಾಗಿಲಿಗೆ ತಂದು ‘ಪಶ್ಮಿನಾ’ ಎಂದು ಮಾರುವ ಶಾಲು ನಿಜವಾದ ಪಶ್ಮಿನಾ ಆಗಿರುತ್ತದೆಯೇ?

ಕೆಲವು ನೂರು ರೂಪಾಯಿಗೆ ಕೊಡುತ್ತಿದ್ದರೆ ಖಂಡಿತವಾಗಿಯೂ ಅಲ್ಲ. ಪಶ್ಮಿನಾ ಎಂಬುದು ಲಡಾಖಿನ ಎತ್ತರದ ಚಾಂಗ್‌ಥಾಂಗ್ ಪ್ರದೇಶದ ಮೇಕೆಗಳಿಗೆ ಅಲ್ಲಿನ ಕಡುಚಳಿಯಲ್ಲಿ ಬೆಳೆಯುವ ಒಳಗೂದಲು. ವಸಂತದಲ್ಲಿ ಆ ಕೂದಲನ್ನು ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವುದೇ ಅಲ್ಪ, ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ ಉಳಿಯುವುದು ಇನ್ನೂ ಕಡಿಮೆ. ಎಳೆಯ ದಪ್ಪ 12ರಿಂದ 16 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಮಾತ್ರ ಇರುವುದರಿಂದ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯುವುದೇ ಅದರ ಕ್ರಮ. ಇಷ್ಟು ಜನರ ದುಡಿಮೆ ಸೇರಿದ ಶಾಲಿನ ಬೆಲೆ ಹಲವು ಸಾವಿರಗಳಲ್ಲೇ ಇರುತ್ತದೆ. ಕಾಶ್ಮೀರ ಪಶ್ಮಿನಾಕ್ಕೆ 2008ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದ್ದು, ಶ್ರೀನಗರದಲ್ಲಿ ಪರೀಕ್ಷೆಗೆ ಒಳಪಟ್ಟ ಶಾಲಿಗೆ ಗುರುತುಚೀಟಿ ಇರುತ್ತದೆ. ದುಬಾರಿ ಬೆಲೆ ಕೊಡುವ ಮೊದಲು ಆ ಚೀಟಿಯನ್ನು ಕೇಳಿ ನೋಡಬೇಕು.

ಉಂಗುರದಲ್ಲಿ ಶಾಲನ್ನು ಹಾಯಿಸಿ ತೋರಿಸುವುದನ್ನು ಪುರಾವೆಯೆಂದು ನಂಬಬಾರದು, ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನೂಲಿನ ತೆಳುವಾದ ಬಟ್ಟೆಯೂ ಉಂಗುರದಲ್ಲಿ ನುಸುಳುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ‘ಶಾತೂಷ್’ ಎಂದು ಯಾರಾದರೂ ಶಾಲನ್ನು ತೋರಿಸಿದರೆ ಮುಟ್ಟಲೂ ಹೋಗಬೇಡಿ. ಅದು ಚಿರು ಎಂಬ ಟಿಬೆಟಿನ ಹುಲ್ಲೆಯನ್ನು ಕೊಂದು ತೆಗೆದ ಕೂದಲು. ಅದನ್ನು ಮಾರುವುದೂ ಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಊರೂರು ತಿರುಗಿ ಶಾಲು ಮಾರುವ ಎಲ್ಲರೂ ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ಅವರ ಗಂಟಿನಲ್ಲಿ ಒಳ್ಳೆಯ ಕುರಿಯುಣ್ಣೆಯ ಶಾಲುಗಳೂ ಇರುತ್ತವೆ, ಕಸೂತಿಯೂ ಅಚ್ಚುಕಟ್ಟಾಗಿರುತ್ತದೆ. ಪಶ್ಮಿನಾ ಎಂಬ ಹೆಸರನ್ನು ಬದಿಗಿಟ್ಟು, ಉಣ್ಣೆಯ ಶಾಲೆಂದೇ ಬೆಲೆ ಮಾತನಾಡಿದರೆ ಇಬ್ಬರಿಗೂ ನ್ಯಾಯ ಸಿಗುತ್ತದೆ. ಹಿಮಾಚಲದ ಕುಲ್ಲು ಶಾಲು, ಅಂಚಿನಲ್ಲಿ ಬಣ್ಣದ ಪಟ್ಟೆಗಳು ಮತ್ತು ಕೋನಾಕಾರದ ಚಿತ್ತಾರಗಳಿರುವಂಥದ್ದು, ಬೆಲೆಗೆ ತಕ್ಕ ಬಾಳಿಕೆ ಕೊಡುತ್ತದೆ. ನನಗೆ ಕೇಳಿದರೆ ಮೊದಲ ಶಾಲಿಗೆ ಅದನ್ನೇ ಹೇಳುತ್ತೇನೆ.

ನಾರು ಯಾವುದೆಂದು ನಾವೇ ಕಂಡುಕೊಳ್ಳಬಹುದೇ?

ಕಂಡುಕೊಳ್ಳಬಹುದು. ಅಂಚಿನ ಕುಚ್ಚಿನಿಂದ ಒಂದೆರಡು ಎಳೆಗಳನ್ನು ಮಾತ್ರ ಬಿಡಿಸಿಕೊಂಡು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ ನೋಡಬೇಕು. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತವೆ, ಬೆಂಕಿಯಿಂದ ದೂರ ಸರಿಸಿದರೆ ಬೇಗ ಆರುತ್ತವೆ, ಉಳಿದ ಕರಿಯನ್ನು ಬೆರಳಲ್ಲಿ ಪುಡಿಮಾಡಬಹುದು. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿಯಾದ ಕರಿಮಣಿಯಂತೆ ಉಳಿಯುತ್ತದೆ. ಹತ್ತಿ ಮತ್ತು ವಿಸ್ಕೋಸ್ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತವೆ. ಬೆರಕೆ ನೂಲಿನಲ್ಲಿ ಈ ಲಕ್ಷಣಗಳು ಕೂಡಿಕೊಂಡು ಬರುವುದರಿಂದ ಉದ್ದ ಎಳೆ ಮತ್ತು ಅಡ್ಡ ಎಳೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ.

ಅಂಗಡಿಯಲ್ಲಿ ಇದು ಸಾಧ್ಯವಿಲ್ಲದಿದ್ದರೆ ಮುದ್ರೆಗಳನ್ನು ನೋಡಿ. ಶುದ್ಧ ಉಣ್ಣೆಗೆ 1964ರಿಂದ ಬಳಕೆಯಲ್ಲಿರುವ ವೂಲ್‌ಮಾರ್ಕ್, ಶುದ್ಧ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇವೆ. ಕೊನೆಯದು ಕೈಮಗ್ಗದಲ್ಲಿ ನೇಯ್ದದ್ದೆಂದು ಮಾತ್ರ ಹೇಳುತ್ತದೆ, ನಾರು ಯಾವುದೆಂದು ಹೇಳುವುದಿಲ್ಲ.

ಉಣ್ಣೆ ಹಾಕಿಕೊಂಡರೆ ಕತ್ತು ತುರಿಸುತ್ತದೆ. ಇದು ಅಲರ್ಜಿಯೇ?

ಬಹುತೇಕರಿಗೆ ಅಲರ್ಜಿಯಲ್ಲ. ಸುಮಾರು 30 ಮೈಕ್ರಾನ್‌ಗಿಂತ ದಪ್ಪವಿರುವ ಎಳೆಗಳ ತುದಿ ಬಾಗದೆ ಚರ್ಮವನ್ನು ಚುಚ್ಚುವುದರಿಂದ ತುರಿಕೆಯಾಗುತ್ತದೆ. ಮೆರಿನೊ ಕುರಿಯ ಉಣ್ಣೆ 24 ಮೈಕ್ರಾನ್‌ಗಿಂತ ನಯವಾಗಿರುವುದರಿಂದ ಅದನ್ನು ಹಾಕಿಕೊಂಡರೆ ಇಂಥ ತೊಂದರೆ ಅಪರೂಪ. ಕೊಳ್ಳುವಾಗ ಬಟ್ಟೆಯನ್ನು ಅಂಗೈಯಿಂದ ಸವರಿ ನೋಡಿದರೆ ತಿಳಿಯದು, ಕತ್ತಿನ ಪಕ್ಕಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ದದ್ದು ಎದ್ದರೆ ಅಥವಾ ಚರ್ಮ ಕೆಂಪಾಗಿ ಹಾಗೆಯೇ ಉಳಿದರೆ ಚರ್ಮವೈದ್ಯರಿಗೆ ತೋರಿಸಬೇಕು.

ಯಾವ ಅಳತೆಯದನ್ನು ಕೊಳ್ಳಬೇಕು?

ಶಾಲು ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲ ಇರುತ್ತದೆ. ಸ್ಟೋಲಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ, ಅಗಲ 70 ಸೆಂಟಿಮೀಟರ್ ಆಸುಪಾಸು. ಮಫ್ಲರ್ 30 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಉದ್ದವಿದ್ದರೆ ಕತ್ತಿಗೆ ಒಂದು ಸುತ್ತು ಬಂದು ಎರಡೂ ತುದಿಗಳು ಎದೆಯ ಮೇಲೆ ನಿಲ್ಲುತ್ತವೆ. ಬಸ್ಸಿನಲ್ಲಿ ಓಡಾಡುವವರಿಗೆ, ಚೂಡಿದಾರ್ ಅಥವಾ ಪ್ಯಾಂಟು ಹಾಕುವವರಿಗೆ ಸ್ಟೋಲ್ ಅನುಕೂಲ. ಮನೆಯಲ್ಲಿ ಕುಳಿತು ಓದುವ ಹಿರಿಯರಿಗೆ ಮಂಡಿಯವರೆಗೂ ಹೊದೆಯಬಹುದಾದ ಶಾಲೇ ಬೇಕು.

ನಮ್ಮ ಕರಿ ಕಂಬಳಿಯನ್ನು ಶಾಲಿನಂತೆ ಬಳಸಬಹುದೇ?

ಧಾರಾಳವಾಗಿ ಬಳಸಬಹುದು, ಬಳಸಬೇಕು ಎಂಬುದೇ ನನ್ನ ಆಸೆ. ಶಿರಾ, ಪಾವಗಡದ ಕಡೆಯಲ್ಲಿ, ಅಲ್ಲಿಂದ ಆಚೆಗೆ ಚಳ್ಳಕೆರೆಯಲ್ಲಿ ಕುರುಬ ಸಮುದಾಯದವರು ನಾಡಕುರಿಯ ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿಯನ್ನು ಮಗ್ಗದ ಉದ್ದ ಎಳೆಗಳಿಗೆ ಹಚ್ಚಿ ನೇಯುತ್ತಾ ಬಂದಿರುವ ಕಂಬಳಿ ಇದು. ಕುರಿಯ ಮೈಬಣ್ಣವೇ ಅದರ ಬಣ್ಣ. ಉಣ್ಣೆಯಲ್ಲಿ ಉಳಿದಿರುವ ಜಿಡ್ಡು ಸಣ್ಣ ಮಳೆಯನ್ನೂ ಇಬ್ಬನಿಯನ್ನೂ ಒಳಗೆ ಬಿಡದು. ಆದ್ದರಿಂದಲೇ ಕುರಿಗಾಹಿಗಳು ಅದನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಬಯಲಿನಲ್ಲೇ ರಾತ್ರಿ ಕಳೆಯುತ್ತಾರೆ. ಹೊಲದಲ್ಲಿ ರಾಗಿಯ ಮೆದೆ ಕಾಯುವವರಿಗೆ, ರಾತ್ರಿ ನೀರು ಹಾಯಿಸುವವರಿಗೆ ಇದಕ್ಕೆ ಸಮನಾದ ಹೊದಿಕೆ ಇಲ್ಲ.

ಅದು ಒರಟು ಮತ್ತು ಭಾರ ಎಂಬುದೂ ನಿಜ. ಪೂರ್ತಿ ತೋಳಿನ ಅಂಗಿಯ ಮೇಲೆ ಹೊದ್ದರೆ ಚುಚ್ಚುವುದಿಲ್ಲ. ಕತ್ತು ತಾಗುವ ಜಾಗಕ್ಕೆ ಹಳೆಯ ರೇಷ್ಮೆಸೀರೆಯ ಅಂಚನ್ನೋ ಮೆತ್ತನೆಯ ಹತ್ತಿಬಟ್ಟೆಯನ್ನೋ ಪಟ್ಟಿಯಾಗಿ ಹೊಲಿಸಿಕೊಂಡರೆ ಪೇಟೆಗೂ ಹೊದ್ದುಕೊಂಡು ಹೋಗುವಷ್ಟು ಚೆಂದವಾಗುತ್ತದೆ. ಕರಿ ಉಣ್ಣೆಯ ಮೇಲೆ ಕೆಂಪು ಅಂಚಿನಷ್ಟು ಗಂಭೀರವಾಗಿ ಒಪ್ಪುವ ಜೋಡಣೆಗಳು ಕಡಿಮೆ.

ಸನ್ಮಾನದಲ್ಲಿ ಹೊದಿಸಿದ ಶಾಲುಗಳು ಮನೆಯಲ್ಲಿ ರಾಶಿ ಬಿದ್ದಿವೆ. ಅವು ಚಳಿಗೆ ಆಗುತ್ತವೆಯೇ?

ಸಮಾರಂಭಗಳಲ್ಲಿ ಹೊದಿಸುವ ಶಾಲುಗಳಲ್ಲಿ ಹೆಚ್ಚಿನವು ಕೃತಕ ನೂಲಿನವು. ಜರಿಯಂಚು, ಹೊಳಪು ಇರುತ್ತದೆಯೇ ಹೊರತು ಬಿಸುಪು ಇರುವುದಿಲ್ಲ. ಎರಡನ್ನು ಸೇರಿಸಿ, ನಡುವೆ ಹಳೆಯ ಹತ್ತಿಸೀರೆಯ ಪದರವಿಟ್ಟು ಹೊಲಿದರೆ ಮನೆಯೊಳಗೆ ಮಂಡಿಗೆ ಹೊದೆಯಲು ಬರುತ್ತವೆ. ಸನ್ಮಾನ ಏರ್ಪಡಿಸುವ ಸಂಘಗಳಿಗೆ ಒಂದು ವಿನಂತಿಯಿದೆ: ಹತ್ತು ಹೊಳೆಯುವ ಶಾಲುಗಳ ಬದಲು ಒಂದು ಖಾದಿ ಅಥವಾ ಕೈಮಗ್ಗದ ಉಣ್ಣೆಯ ಶಾಲನ್ನು ಹೊದಿಸಿದರೆ ಅದು ಹಿರಿಯರ ಮೈಮೇಲೆ ವರ್ಷಗಟ್ಟಲೆ ಉಳಿಯುತ್ತದೆ.

ಸೀರೆಯ ಮೇಲೆ, ಪಂಚೆಯ ಮೇಲೆ ಶಾಲು ಚೆನ್ನಾಗಿ ಕಾಣಲು ಏನು ಮಾಡಬೇಕು?

ಸೀರೆ ತುಂಬು ಅಂಚಿನದಾಗಿದ್ದರೆ ಶಾಲು ಒಂದೇ ಬಣ್ಣದ್ದಾಗಿರಲಿ, ಸೀರೆ ಸಾದಾ ಆಗಿದ್ದರೆ ಶಾಲಿನಲ್ಲಿ ಕಸೂತಿ ಇರಲಿ. ಎರಡರಲ್ಲೂ ಚಿತ್ತಾರವಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಜನವರಿಯ ಮದುವೆಗಳಿಗೆ ಹೊರಡುವವರು ಹೆಣೆದ ಹೊದಿಕೆಯನ್ನು ಜರಿಸೀರೆಯ ಮೇಲೆ ಹಾಕಬಾರದು, ಜರಿ ಮತ್ತು ಬಳೆಗಳು ಅದರ ಕಣ್ಣುಗಳಿಗೆ ಸಿಕ್ಕಿ ಎಳೆಗಳು ಎದ್ದು ಬರುತ್ತವೆ. ನಯವಾಗಿ ನೇಯ್ದ ಶಾಲನ್ನು ಉದ್ದಕ್ಕೆ ಮಡಚಿ ಬಲಭುಜದಿಂದ ಇಳಿಬಿಟ್ಟರೆ ಎಡಭುಜದ ಸೆರಗು ಮರೆಯಾಗದೆ ಉಳಿಯುತ್ತದೆ. ಪಿನ್ನನ್ನು ಶಾಲಿನ ನೇಯ್ಗೆಗೆ ನೇರವಾಗಿ ಚುಚ್ಚದೆ ಅಂಚಿನ ಮಡಿಕೆಗೆ ಹಾಕಬೇಕು.

ಬಿಳಿ ಪಂಚೆ, ಬಿಳಿ ಅಂಗಿಗೆ ಕೆನೆಬಣ್ಣದ ಅಥವಾ ತಿಳಿಬೂದು ಬಣ್ಣದ, ಸಣ್ಣ ಅಂಚಿನ ಶಾಲು ಗಂಭೀರವಾಗಿ ಕಾಣುತ್ತದೆ. ದಿನನಿತ್ಯದ ಓಡಾಟಕ್ಕೆ ಮಾತ್ರ ತಿಳಿಬಣ್ಣ ಬೇಡ ಎಂದೇ ಹೇಳುತ್ತೇನೆ. ನಮ್ಮ ಕೆಮ್ಮಣ್ಣಿನ ದಾರಿಗಳ ಧೂಳು ಒಂದೇ ವಾರದಲ್ಲಿ ಅದರ ಮೇಲೆ ಕೂರುತ್ತದೆ, ಉಣ್ಣೆಯನ್ನು ಪದೇ ಪದೇ ಒಗೆಯುವಂತಿಲ್ಲ. ಇಟ್ಟಿಗೆಕೆಂಪು, ಕಂದು, ಕಡುಹಸಿರು ಮತ್ತು ಸಾಸಿವೆಯ ಹಳದಿ ಬಣ್ಣಗಳಲ್ಲಿ ಧೂಳು ಎದ್ದು ಕಾಣುವುದಿಲ್ಲ, ನಮ್ಮ ಮೈಬಣ್ಣಕ್ಕೂ ಅವು ಚೆನ್ನಾಗಿ ಒಪ್ಪುತ್ತವೆ.

ಬೈಕಿನಲ್ಲಿ ಹೋಗುವಾಗ ಹೇಗೆ ಕಟ್ಟಿಕೊಳ್ಳಬೇಕು?

ತುದಿಗಳು ಹೊರಗೆ ಹಾರಾಡುವಂತೆ ಎಂದಿಗೂ ಕಟ್ಟಬಾರದು. ವೇಲ್, ಸೆರಗು ಅಥವಾ ಶಾಲು ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಕತ್ತಿಗೆ ಬಿಗಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಒಂದು ಬದಿಗೆ ಕಾಲು ಹಾಕಿ ಕೂರುವ ಹೆಂಗಸರು ಶಾಲನ್ನು ಮುಂದಕ್ಕೆ ತಂದು ತೊಡೆಯ ಕೆಳಗೆ ಒತ್ತಿಕೊಂಡೇ ಹೊರಡಬೇಕು. ಮಫ್ಲರನ್ನು ಎದೆಯ ಮೇಲೆ ಅಡ್ಡಡ್ಡ ಹಾಕಿ ಜಾಕೆಟ್ಟಿನ ಜಿಪ್ಪನ್ನು ಮೇಲಿನವರೆಗೂ ಎಳೆದರೆ ಗಾಳಿ ಒಳಗೆ ಬರುವುದಿಲ್ಲ. ಹೆಲ್ಮೆಟ್ಟಿನ ಒಳಗೆ ದಪ್ಪನೆಯ ಮಫ್ಲರ್ ಅಥವಾ ಮಂಕಿ ಕ್ಯಾಪ್ ಹಾಕಿದರೆ ಹೆಲ್ಮೆಟ್ ತಲೆಗೆ ಬಿಗಿಯಾಗಿ ಕೂರದೆ ಅದರ ಉದ್ದೇಶವೇ ಹಾಳಾಗುತ್ತದೆ, ತೆಳುವಾದ ಬಟ್ಟೆ ಮಾತ್ರ ಸರಿ.

ಸೂರ್ಯೋದಯ ನೋಡಲು ನಂದಿಬೆಟ್ಟಕ್ಕೆ ಹೋಗುವವರಿಗೂ ಇದೇ ಅನ್ವಯಿಸುತ್ತದೆ. ಸ್ಕಂದಗಿರಿ ಹತ್ತುವವರು ಶಾಲನ್ನು ಚೀಲದಲ್ಲಿಟ್ಟುಕೊಂಡು ಹತ್ತಿ, ತುದಿ ಮುಟ್ಟಿ ಬೆವರು ಆರುವ ಮೊದಲೇ ಹೊದ್ದುಕೊಳ್ಳಲಿ.

ಮಕ್ಕಳಿಗೆ ಮತ್ತು ಉಬ್ಬಸ ಇರುವ ಹಿರಿಯರಿಗೆ ಯಾವುದು ಒಳ್ಳೆಯದು?

ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲವಾದ ಶಾಲನ್ನು ಹೊದಿಸಬಾರದು, ಅದು ಮುಖದ ಮೇಲೆ ಸರಿದು ಉಸಿರು ಕಟ್ಟುವ ಅಪಾಯವಿದೆ. ಮೈಗೆ ಸರಿಯಾಗಿ ಕೂರುವ ಸ್ವೆಟರ್ ಮತ್ತು ಕಾಲುಚೀಲ ಸಾಕು. ಶಾಲೆಗೆ ಹೋಗುವ ಮಕ್ಕಳಿಗೆ ಉದ್ದ ತುದಿಗಳಿರುವ ಮಫ್ಲರಿಗಿಂತ ತಲೆಯ ಮೇಲಿಂದ ಹಾಕಿಕೊಳ್ಳುವ, ತುದಿಗಳಿಲ್ಲದ ಕತ್ತಿನ ಪಟ್ಟಿ ಸುರಕ್ಷಿತ. ಜಾರುಬಂಡೆಯಲ್ಲಿ, ಶಾಲಾ ವಾಹನದ ಬಾಗಿಲಲ್ಲಿ ಅದು ಸಿಕ್ಕಿಕೊಳ್ಳುವುದಿಲ್ಲ.

ಉಬ್ಬಸದ ತೊಂದರೆ ಇರುವವರು ಬೆಳಗಿನ ನಡಿಗೆಯಲ್ಲಿ ಮೂಗು ಮತ್ತು ಬಾಯಿಯನ್ನು ನಯವಾದ ಸ್ಟೋಲಿನಿಂದ ಸಡಿಲವಾಗಿ ಮುಚ್ಚಿಕೊಂಡರೆ, ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗೂ ತೇವವಾಗಿಯೂ ಆಗಿ ಹಿತವಾಗುತ್ತದೆ. ಎಳೆ ಉದುರುವ ಬಟ್ಟೆಯನ್ನು ಇದಕ್ಕೆ ಬಳಸಬಾರದು. ವೈದ್ಯರು ಕೊಟ್ಟ ಔಷಧಿಗೆ ಇದು ಬದಲಿಯಲ್ಲ.

ಹಂಡೆ ಒಲೆಯ ಮುಂದೆ ಶಾಲು ಹೊದ್ದು ಕೂರಬಹುದೇ?

ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಹೊದ್ದು ಕೂರಲೇಬಾರದು. ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಗುವುದೂ ಇಲ್ಲ. ಹಾಗಿದ್ದರೂ ಒಲೆಗೆ ಸೌದೆ ಇಡುವಾಗ ಯಾವ ಶಾಲಿನ ತುದಿಯೂ ಜೋತುಬೀಳದಂತೆ ಬೆನ್ನಿಗೆ ಗಂಟು ಹಾಕಿಕೊಳ್ಳಬೇಕು.

ಉಣ್ಣೆಯ ಶಾಲನ್ನು ಮನೆಯಲ್ಲೇ ಒಗೆಯಬಹುದೇ?

ಜರಿ ಅಥವಾ ಬಣ್ಣದ ಕಸೂತಿ ಇಲ್ಲದಿದ್ದರೆ ಒಗೆಯಬಹುದು. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿದ್ದು, ಬಿಸಿನೀರು ಮತ್ತು ಉಜ್ಜಾಟಕ್ಕೆ ಅವು ಒಂದಕ್ಕೊಂದು ಕಚ್ಚಿಕೊಂಡು ಶಾಲು ಕುಗ್ಗಿ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ಸರಿಮಾಡಲಾಗದು. ತಣ್ಣೀರಿನಲ್ಲಿ ಅಂಟುವಾಳದ ರಸ ಅಥವಾ ಉಣ್ಣೆಗೆಂದೇ ಇರುವ ದ್ರವಸೋಪನ್ನು ಬೆರೆಸಿ, ಹತ್ತು ನಿಮಿಷ ನೆನೆಯಿಟ್ಟು, ಮೆಲ್ಲಗೆ ಅದ್ದಿ ಅದ್ದಿ ತೆಗೆಯಬೇಕು. ಒಗೆಯುವ ಕಲ್ಲಿಗೆ ಬಡಿಯಬಾರದು, ಹಿಂಡಬಾರದು. ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ, ಆಮೇಲೆ ನೆರಳಿನಲ್ಲಿ ಚಾಪೆಯ ಮೇಲೆ ಹರಡಬೇಕು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತದೆ. ಒಂದು ಚಳಿಗಾಲಕ್ಕೆ ಎರಡು ಸಲ ಒಗೆದರೆ ಸಾಕು, ಉಳಿದ ದಿನ ಗಾಳಿಗೆ ಹರಡಿ ಕೊಡವಿದರೆ ವಾಸನೆ ಹೋಗುತ್ತದೆ.

ಶಿವರಾತ್ರಿ ಕಳೆದ ಮೇಲೆ ಎತ್ತಿಡುವುದು ಹೇಗೆ?

ಒಗೆದು, ಪೂರ್ತಿ ಒಣಗಿಸಿಯೇ ಎತ್ತಿಡಬೇಕು. ಉಣ್ಣೆಯನ್ನು ತಿನ್ನುವುದು ನುಸಿಯ ಮರಿಹುಳು. ಬೆವರು ಮತ್ತು ಎಣ್ಣೆಯ ಕಲೆ ಇರುವ ಜಾಗವನ್ನೇ ಅದು ಮೊದಲು ಹುಡುಕುತ್ತದೆ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಇಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ ಮಡಿಕೆ ಬದಲಿಸಿ. ಬೇವು ನುಸಿಯನ್ನು ದೂರವಿಡಲು ನೆರವಾಗುತ್ತದೆ, ಕೊಲ್ಲುವುದಿಲ್ಲ. ಆದ್ದರಿಂದ ಕೊಡವುವ ಕೆಲಸವನ್ನು ಬಿಡುವಂತಿಲ್ಲ.

ನುಸಿಗುಳಿಗೆ ಇಡುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ನ್ಯಾಫ್ತಲಿನ್ ಆವಿ ಹಿಡಿದ ಬಟ್ಟೆಯಲ್ಲಿ ಸುತ್ತಿದ ಕೂಸುಗಳಿಗೆ, ಮುಖ್ಯವಾಗಿ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವಕ್ಕೆ, ಕೆಂಪು ರಕ್ತಕಣಗಳು ಒಡೆದು ಕಾಮಾಲೆಯಾಗುವ ಅಪಾಯವಿದೆ. ಬಾಣಂತಿ ಮತ್ತು ಮಗುವಿಗೆ ಬಳಸುವ ಹೊದಿಕೆಗಳ ಜೊತೆ ಆ ಗುಳಿಗೆಯನ್ನು ಇಡಲೇಬೇಡಿ. ಬೇರೆಯವರ ಶಾಲುಗಳನ್ನೂ ಮುಂದಿನ ಚಳಿಗಾಲದಲ್ಲಿ ಹೊದೆಯುವ ಮೊದಲು ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹಾಕಿ.